ಕೈಮೇಲಿನ ಬೆಳಕು

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ವಿಚಿತ್ರ ದೀಪವಿದೆ. ನೋಡಿದವರೆಲ್ಲ ನಗುತ್ತಾರೆ. ಅದರ ಕೈ ಯಾವುದೋ ಕಾಲದ ಟೇಬಲ್ ಲ್ಯಾಂಪಿನದು. ತಲೆ ಹಳೆಯ ಅಲ್ಯುಮಿನಿಯಂ ಪಾತ್ರೆಯ ಮುಚ್ಚಳ. ಮುಸುಕು ಐಸ್‌ಕ್ರೀಮ್ ಡಬ್ಬಿಯದು. ಕರೆಂಟು ಸಿಗುವುದು ಕೆಟ್ಟುಹೋದ ಇಂಟರ್‌ನೆಟ್ ಪೆಟ್ಟಿಗೆಯ ಅಡಾಪ್ಟರಿನಿಂದ. ಇದನ್ನು ಮಾಡಿದವರು ನಾನು ಮತ್ತು ನನ್ನ ಸೊಸೆ. ಸಂತೆಯಲ್ಲಿ ಇಟ್ಟರೆ ಹತ್ತು ರೂಪಾಯಿಗೂ ಯಾರೂ ಕೊಳ್ಳಲಾರರು. ಆದರೆ ಈ ದೀಪಕ್ಕೂ ಒಂದು ಇತಿಹಾಸವಿದೆ. ಅದನ್ನು ಹೇಳಬೇಕಾದರೆ ನನ್ನ ಅವ್ವನಿಂದ ಆರಂಭಿಸಬೇಕು. ಅದಕ್ಕೂ ಮೊದಲು ಸೊಸೆಯ ಒಂದು ಮಾತು ಹೇಳಿಬಿಡುತ್ತೇನೆ.

ಸೊಸೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವಳು. ಮಗು ಹುಟ್ಟಿದ ಮೇಲೆ ನೌಕರಿ ಬಿಟ್ಟಳು. ಮಗು ಶಾಲೆಗೆ ಹೋಗತೊಡಗಿದಾಗ ಹುಬ್ಬಳ್ಳಿ ಕಡೆಯ ಒಂದು ಸಣ್ಣ ಘಟಕದಿಂದ ಸರ್ಕಿಟ್ ಬೋರ್ಡುಗಳನ್ನು ಮನೆಗೆ ತಂದು, ಬಿಡಿಭಾಗ ಕೂಡಿಸಿ, ಸೋಲ್ಡರ್ ಹಾಕಿ ಮರಳಿ ಕೊಡುವ ಕೆಲಸ ಹಿಡಿದಳು. ಬೋರ್ಡಿಗೆ ಇಷ್ಟು ಎಂದು ಕೂಲಿ. ಬೆಸುಗೆ ಸರಿ ಇಲ್ಲವೆಂದು ತಿರುಗಿ ಬಂದುದಕ್ಕೆ ಕೂಲಿ ಇಲ್ಲ. ಅಷ್ಟೇ ಅಲ್ಲ, ಬಿಡಿಭಾಗದ ದುಡ್ಡೂ ಕಡಿತ. ಅವಳು ಕೆಲಸಕ್ಕೆ ಕೂಡುವುದು ರಾತ್ರಿ ಊಟವಾಗಿ, ಪಾತ್ರೆ ತೊಳೆದು, ಮಗು ಮಲಗಿದ ಮೇಲೆ. ಒಂದು ರಾತ್ರಿ ನಾನು ನೀರು ಕುಡಿಯಲು ಎದ್ದಾಗ ಅವಳು ಕೈಕಟ್ಟಿ ಸುಮ್ಮನೆ ಕೂತಿದ್ದಳು. ಮುಂದೆ ತಿರುಗಿ ಬಂದ ಬೋರ್ಡುಗಳ ರಾಶಿ. ನೂರಕ್ಕೆ ಇಪ್ಪತ್ತೆರಡು.

"ಅತ್ತಿ, ನನ್ನ ಕಣ್ಣ ಹೋಗ್ಯಾವ ಅನಸ್ತದ್ರಿ. ಇದ ನನಗ ಆಗೂದಿಲ್ಲ, ಬಿಟ್ಟ ಬಿಡ್ತೀನಿ" ಅಂದಳು.

ಅವಳಿಗೆ ಆಗ ಮೂವತ್ತನಾಲ್ಕು. ಆ ಮಾತು ಕೇಳಿ ನನ್ನ ಎದೆ ಧಸಕ್ಕೆಂದಿತು. ಯಾಕೆಂದರೆ ನಮ್ಮ ಮನೆಯಲ್ಲಿ ಆ ಮಾತು ಮೂರನೆಯ ಸಲ ಬಂದಿತ್ತು. ಮೊದಲ ಸಲ ಅಂದವಳು ನನ್ನ ಅವ್ವ. ಎರಡನೆಯ ಸಲ ಅಂದವಳು ನಾನೇ.

ಅವ್ವ ಕಸೂತಿ ಹಾಕುತ್ತಿದ್ದಳು. ಧಾರವಾಡ ಸೀಮೆಯ ಕಸೂತಿ ನಿಮಗೆ ಗೊತ್ತೇ ಇರುತ್ತದೆ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದುಕೊಂಡು ಅದರ ಮೇಲೆ ಹೊಲಿಯುವ ಕೆಲಸ ಇದಲ್ಲ. ಬಟ್ಟೆಯ ಎಳೆ ಎಣಿಸಿ ಎಣಿಸಿ ಹಾಕುವುದು. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಗಂಟು ಹಾಕುವ ಹಾಗಿಲ್ಲ. ಗವಂತಿ, ಮುರ್ಗಿಯಲ್ಲಂತೂ ಬಟ್ಟೆಯ ಒಳಗೂ ಹೊರಗೂ ಒಂದೇ ಚಿತ್ರ ಕಾಣಬೇಕು. ಗೋಪುರ, ತೇರು, ತುಳಸಿಕಟ್ಟೆ, ಆನೆ, ಗಿಳಿ ಎಲ್ಲ ಎಳೆಯ ಲೆಕ್ಕದಲ್ಲೇ ಹುಟ್ಟುತ್ತವೆ. ಒಂದು ಎಳೆ ತಪ್ಪಿದರೆ ಆನೆಯ ಸೊಂಡಿಲು ಸೊಟ್ಟಗಾಗುತ್ತದೆ, ಮುಂದಿನ ಆನೆಯೂ ಸರಿದು ನಿಲ್ಲುತ್ತದೆ. ಇನ್ನು ಮದುವೆಗೆಂದು ಹಾಕಿಸುವ ಚಂದ್ರಕಾಳಿ ಸೀರೆ ಎಂದರೆ ಕಪ್ಪು ಬಟ್ಟೆ. ಹಗಲಿನಲ್ಲೇ ಅದರ ಎಳೆ ಕಾಣುವುದು ಕಷ್ಟ. ಅವ್ವ ಎಣಿಸುತ್ತಿದ್ದುದು ರಾತ್ರಿ, ಕಂದೀಲಿನ ಬೆಳಕಿನಲ್ಲಿ. ಹಗಲೆಲ್ಲ ಹೊಲ, ದನ, ಒಲೆ. ನಮ್ಮ ಮನೆಗೆ ಕರೆಂಟು ಬಂದದ್ದು ನಾನು ಏಳನೆಯ ಇಯತ್ತೆಯಲ್ಲಿದ್ದಾಗ.

ಅವ್ವ ಒಂದು ಉಪಾಯ ಮಾಡಿಕೊಂಡಿದ್ದಳು. ಕಂದೀಲಿನ ಹಳದಿ ಬೆಳಕಿನಲ್ಲಿ ನೀಲಿ ಯಾವುದು, ಹಸಿರು ಯಾವುದು ತಿಳಿಯುತ್ತಿರಲಿಲ್ಲ. ಅದಕ್ಕಾಗಿ ಮಧ್ಯಾಹ್ನವೇ ಬಾಗಿಲಲ್ಲಿ ಕೂತು ದಾರಗಳನ್ನು ಬೇರೆ ಮಾಡಿ, ನೀಲಿಯನ್ನು ಬುಟ್ಟಿಯ ಎಡಕ್ಕೆ, ಹಸಿರನ್ನು ಬಲಕ್ಕೆ ಇಡುತ್ತಿದ್ದಳು. "ಬಣ್ಣ ಹಗಲ ಆರಿಸಿಟ್ಟರ ರಾತ್ರಿ ಎಣಸೂದಷ್ಟ ಉಳೀತದ" ಎನ್ನುತ್ತಿದ್ದಳು. ಕಂದೀಲನ್ನು ಎಷ್ಟು ಹತ್ತಿರ ತರುತ್ತಿದ್ದಳೆಂದರೆ ಮುಂದಲೆಯ ಕೂದಲು ಒಮ್ಮೊಮ್ಮೆ ಸೀದು ವಾಸನೆ ಬರುತ್ತಿತ್ತು. ಐವತ್ತು ದಾಟಿದಾಗ ಸೂಜಿ ಪೋಣಿಸಲಾರದೆ, "ಕಸೂತಿ ನನ್ನ ಕಣ್ಣ ತಿಂತು" ಎಂದು ಬುಟ್ಟಿಯನ್ನು ಅಟ್ಟಕ್ಕೆ ಹಾಕಿದಳು.

ಮುಂದೆ 1988ರಲ್ಲಿ ಅವಳ ಎರಡೂ ಕಣ್ಣಿಗೆ ಪೊರೆಯ ಶಸ್ತ್ರಕ್ರಿಯೆಯಾಯಿತು. ಡಾಕ್ಟರು ಹೇಳಿದ್ದು ನನಗೆ ಇಂದಿಗೂ ನೆನಪಿದೆ. ಪೊರೆ ಬಂದದ್ದು ವಯಸ್ಸಿನಿಂದ, ಕಸೂತಿಯಿಂದಲ್ಲ. ಮಂದ ಬೆಳಕಿನಲ್ಲಿ ಕೆಲಸ ಮಾಡಿದರೆ ಕಣ್ಣು ದಣಿಯುತ್ತದೆ, ಉರಿಯುತ್ತದೆ, ತಲೆ ನೋಯುತ್ತದೆ. ಅದರಿಂದ ದೃಷ್ಟಿ ಹೋಗುವುದಿಲ್ಲ. ಹಾಗಾದರೆ ಅವ್ವ ಅಷ್ಟು ವರ್ಷ ಪಟ್ಟ ಕಷ್ಟಕ್ಕೆ ಏನು ಹೆಸರು? ಬೆಳಕು ಸಾಲದೇ ಹೋದದ್ದನ್ನು ಅವಳು ಕಣ್ಣು ಸಾಲದೇ ಹೋಯಿತೆಂದು ತಿಳಿದಿದ್ದಳು. ನಮ್ಮ ಹೆಂಗಸರ ಕೈಕೆಲಸದ ಇತಿಹಾಸ ತೆಗೆದು ನೋಡಿದರೆ ಈ ತಪ್ಪು ತಿಳಿವಳಿಕೆ ಉದ್ದಕ್ಕೂ ಕಾಣುತ್ತದೆ.

ಇದು ನಮ್ಮ ನಾಡಿನದಷ್ಟೇ ಕಥೆಯಲ್ಲ. ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರ್, ಬಕಿಂಗ್‌ಹ್ಯಾಮ್‌ಶೈರ್ ಮೊದಲಾದ ಕಡೆ ಲೇಸು ಹೆಣೆಯುವ ಬಡ ಹೆಂಗಸರಿದ್ದರು. ಶ್ರೀಮಂತರ ಕೊರಳಪಟ್ಟಿಗೆ ಬೇಕಾದ ಜೇಡರಬಲೆಯಂಥ ಲೇಸು ಅದು. ತಲೆಗೊಂದು ಮೇಣದಬತ್ತಿ ಕೊಳ್ಳುವ ಶಕ್ತಿ ಅವರಿಗಿರಲಿಲ್ಲ. ಚಳಿಗಾಲದ ಸಂಜೆ ಒಂದೇ ಮೇಣದಬತ್ತಿಯ ಸುತ್ತ ಹಲವರು ಕೂಡುತ್ತಿದ್ದರು. ಬತ್ತಿಯ ಸುತ್ತ ನೀರು ತುಂಬಿದ ದುಂಡನೆಯ ಗಾಜಿನ ಬುರುಡೆಗಳನ್ನು ನಿಲ್ಲಿಸುತ್ತಿದ್ದರು. ನೀರಿನ ಬುರುಡೆ ಮಸೂರದಂತೆ ಕೆಲಸ ಮಾಡಿ, ಎಲ್ಲ ಕಡೆ ಚೆದುರುವ ಬೆಳಕನ್ನು ಒಟ್ಟುಗೂಡಿಸಿ ಒಬ್ಬೊಬ್ಬಳ ಕೈಮೇಲೆ ಒಂದೊಂದು ಚುಕ್ಕೆಯಾಗಿ ಬೀಳಿಸುತ್ತಿತ್ತು. ಬತ್ತಿಗೆ ಹತ್ತಿರದ ಸಾಲು ಕೆಲಸ ಬಲ್ಲವರದು, ದೂರದ ಸಾಲು ಕಲಿಯುವವರದು. ಆ ಹೆಂಗಸರು ಭೌತಶಾಸ್ತ್ರ ಓದಿದವರಲ್ಲ. ಆದರೆ ಕೋಣೆ ಬೆಳಗಿದರೆ ಸಾಲದು, ಬೆಳಕು ಕೈಮೇಲೆ ಬೀಳಬೇಕು ಎಂಬುದು ಅವರಿಗೆ ಗೊತ್ತಿತ್ತು. ಚಮ್ಮಾರರೂ ಅಕ್ಕಸಾಲಿಗರೂ ಇಂಥ ಬುರುಡೆಗಳನ್ನೇ ಬಳಸುತ್ತಿದ್ದರು.

ಆಮೇಲೆ ಸೀಮೆಎಣ್ಣೆ ಬಂತು. ಪೋಲೆಂಡಿನ ಔಷಧಕಾರ ಲುಕಾಸಿಯೆವಿಚ್ 1853ರಲ್ಲಿ ಲ್ವೂವ್ ಪಟ್ಟಣದಲ್ಲಿ ಸೀಮೆಎಣ್ಣೆಯ ದೀಪ ಮಾಡಿದ. ಅದೇ ವರ್ಷ ಜುಲೈ 31ರಂದು ಅಲ್ಲಿನ ಆಸ್ಪತ್ರೆಯಲ್ಲಿ ಆ ದೀಪ ಹಚ್ಚಿಕೊಂಡು ರಾತ್ರಿ ಒಂದು ಶಸ್ತ್ರಕ್ರಿಯೆ ನಡೆಯಿತು. ಸೂಕ್ಷ್ಮ ಕೆಲಸಕ್ಕೆ ಬೆಳಕು ಬೇಕೆಂಬುದು ಡಾಕ್ಟರ ವಿಷಯದಲ್ಲಿ ಎಲ್ಲರಿಗೂ ತಕ್ಷಣ ಹೊಳೆಯುತ್ತದೆ ನೋಡಿ! 1879ರಲ್ಲಿ ಎಡಿಸನ್ನನ ಬಲ್ಬು. ನಮ್ಮಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹತ್ತಿದವು. ಗಣಿಗೆ ಬಂತು, ಬೀದಿಗೆ ಬಂತು. ನಮ್ಮ ಅವ್ವನ ಸೂಜಿಯ ತುದಿಗೆ ಬರಲು ಮಾತ್ರ ಇನ್ನೂ ಅರವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

1932ರಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಕಾರ್ವರ್ಡೀನ್ ಎಂಬ ಎಂಜಿನಿಯರ್ ಒಂದು ದೀಪ ಮಾಡಿದ. ಅವನು ಮೋಟಾರು ಗಾಡಿಗಳ ಸ್ಪ್ರಿಂಗಿನ ಕೆಲಸದಲ್ಲಿ ಪಳಗಿದವ. ಸ್ಪ್ರಿಂಗುಗಳ ಎಳೆತದಿಂದ ದೀಪದ ಕೈ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವಂತೆ ಮಾಡಿದ್ದು ಅವನ ಜಾಣ್ಮೆ. ನಮ್ಮ ಮೊಣಕೈ, ಹೆಗಲುಗಳ ಹಾಗೆ ಅದು ಮಡಚುತ್ತದೆ, ಚಾಚುತ್ತದೆ. ನೀವು ಓದುವ ಮೇಜಿನ ಮೇಲೆ ಕಂಡಿರುವ ಮಡಚುವ ದೀಪಗಳೆಲ್ಲ ಅದರ ಸಂತಾನವೇ. ಬೆಳಕನ್ನು ಕೈಯಿಂದ ಎಳೆದು ಬೇಕಾದಲ್ಲಿ ತಂದುಕೊಳ್ಳುವ ಅನುಕೂಲ ಕೆಲಸಗಾರನಿಗೆ ಸಿಕ್ಕಿದ್ದು ಹಾಗೆ.

ಇನ್ನು ನನ್ನ ಕಥೆ. 1979ರಲ್ಲಿ ನಾನು ಬೆಂಗಳೂರಿನ ಒಂದು ಖಾಸಗಿ ಕಾರ್ಖಾನೆಗೆ ಸೇರಿದೆ. ಅದರ ಹೆಸರು ಇಲ್ಲಿ ಬೇಡ. ಬೆಂಗಳೂರು ಆ ಹೊತ್ತಿಗಾಗಲೇ ಇಂಥ ಕೆಲಸಕ್ಕೆ ಹೆಸರಾದ ಊರು. 1948ರಲ್ಲಿ ದೂರವಾಣಿ ಕಾರ್ಖಾನೆ, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್, 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಎಚ್‌ಎಂಟಿ ಕೈಗಡಿಯಾರದ ಕಾರ್ಖಾನೆ ಅಲ್ಲಿ ಬಂದಿದ್ದವು. ಗಡಿಯಾರದ ಕೂದಲೆಳೆಯಂಥ ಸ್ಪ್ರಿಂಗು ಕೂರಿಸುವ ಕೆಲಸದಲ್ಲಿ ಹೆಂಗಸರು ಬಹಳ ಮಂದಿ ಇದ್ದರು. ನಮ್ಮ ಕಾರ್ಖಾನೆಯಲ್ಲೂ ಸೋಲ್ಡರಿಂಗ್ ಸಾಲಿನಲ್ಲಿ ಎಲ್ಲರೂ ಹೆಂಗಸರೇ. ಸಂದರ್ಶನದಲ್ಲಿ ನನಗೆ ಕೇಳಿದ ಪ್ರಶ್ನೆ ಒಂದೇ: "ಕಸೂತಿ ಬರುತ್ತದೆಯೇ?" ಬರುತ್ತದೆ ಎಂದೆ. ಕೆಲಸ ಸಿಕ್ಕಿತು.

ಆಗ ಅದು ನನಗೆ ಹೆಮ್ಮೆಯ ವಿಷಯವಾಗಿತ್ತು. ಬಹಳ ವರ್ಷಗಳ ಮೇಲೆ ಓದುತ್ತ ಹೋದಾಗ, ಆ ಪ್ರಶ್ನೆಯನ್ನು ಜಗತ್ತಿನ ಬೇರೆ ಕಡೆಯೂ ಕೇಳಿದ್ದರೆಂದು ತಿಳಿಯಿತು. ಚಂದ್ರನಲ್ಲಿಗೆ ಹೋದ ಅಪೊಲೊ ನೌಕೆಯ ಕಂಪ್ಯೂಟರಿನ ನೆನಪಿನ ಭಾಗವನ್ನು ಅಮೆರಿಕದ ವಾಲ್ತ್‌ಹ್ಯಾಮ್ ಎಂಬ ಊರಿನಲ್ಲಿ ಹೆಂಗಸರು ಅಕ್ಷರಶಃ ನೇಯ್ದಿದ್ದರು. ಸಣ್ಣ ಉಂಗುರದೊಳಗೆ ತಂತಿ ತೂರಿದರೆ ಒಂದು, ಪಕ್ಕದಿಂದ ಹಾಯಿಸಿದರೆ ಸೊನ್ನೆ. ಜವಳಿ ಗಿರಣಿಯಲ್ಲೂ ಆ ಊರಿನ ಗಡಿಯಾರದ ಕಾರ್ಖಾನೆಯಲ್ಲೂ ಪಳಗಿದವರು ಅವರಲ್ಲಿದ್ದರು. ಅವ್ವ ಎಳೆ ಎಣಿಸಿದ್ದಕ್ಕೂ ಇದಕ್ಕೂ ಏನು ದೂರ? ಹಾಗೆಯೇ ನ್ಯೂ ಮೆಕ್ಸಿಕೊದ ಶಿಪ್‌ರಾಕ್ ಎಂಬಲ್ಲಿ 1965ರಿಂದ 1975ರವರೆಗೆ ಫೇರ್‌ಚೈಲ್ಡ್ ಕಂಪನಿಯ ಕಾರ್ಖಾನೆ ಇತ್ತು. ಕೆಲಸಕ್ಕಿದ್ದವರಲ್ಲಿ ಹೆಚ್ಚಿನವರು ನವಾಹೊ ಜನಾಂಗದ ಹೆಂಗಸರು. ಅವರು ಕಂಬಳಿ ನೇಯುವುದರಲ್ಲಿ ಪ್ರಸಿದ್ಧರು. ಕಂಪನಿಯ ಪ್ರಚಾರ ಪುಸ್ತಕದಲ್ಲಿ ಅವರ ಕಂಬಳಿಯ ವಿನ್ಯಾಸವನ್ನೂ ಚಿಪ್ಪಿನ ವಿನ್ಯಾಸವನ್ನೂ ಹೋಲಿಸಿ ಹೊಗಳಿದ್ದರು. 1972ರ ಹೊತ್ತಿಗೆ ಮಲೇಷ್ಯಾದ ಪೆನಾಂಗಿನಲ್ಲಿ ಇಂಥ ಕಾರ್ಖಾನೆಗಳು ಎದ್ದವು. ಅಲ್ಲಿಯೂ ಹಳ್ಳಿಯಿಂದ ಬಂದ ಹುಡುಗಿಯರು ಇಡೀ ದಿನ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂದಲಿಗಿಂತ ತೆಳುವಾದ ತಂತಿ ಬೆಸೆದರು. ಕೆಲವೇ ವರ್ಷಗಳಲ್ಲಿ ಕಣ್ಣುರಿ, ತಲೆನೋವು, ಮಂಜು ಕವಿದಂಥ ನೋಟ ಅವರ ದೂರುಗಳಾದವು. ಎಲ್ಲ ಕಡೆಯೂ ಹೆಂಗಸರ ಬೆರಳನ್ನು ಹೊಗಳಿ ಕೆಲಸಕ್ಕೆ ತೆಗೆದುಕೊಂಡರು. ಆ ಬೆರಳನ್ನು ನಡೆಸುವ ಕಣ್ಣಿನ ಗೊಡವೆಗೆ ಯಾರೂ ಹೋಗಲಿಲ್ಲ.

ನಮ್ಮ ಸಾಲಿನ ಮೇಲೆ, ಎತ್ತರದ ಚಾವಣಿಯಲ್ಲಿ ಟ್ಯೂಬ್‌ಲೈಟುಗಳಿದ್ದವು. ಟ್ಯೂಬ್‌ಲೈಟು 1938ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ವಸ್ತು. ಕಾರ್ಖಾನೆಗಳಿಗೆ ಅದು ದೊಡ್ಡ ವರವೇ ಹೌದು. ಆದರೆ ಟ್ಯೂಬಿಗೂ ಮುಪ್ಪು ಬರುತ್ತದೆ. ತುದಿಗಳು ಕಪ್ಪಾಗುತ್ತವೆ, ಬೆಳಕು ದಿನದಿನಕ್ಕೆ ಇಳಿಯುತ್ತದೆ. ದಿನವೂ ಅದರ ಕೆಳಗೆ ಕೂತವರಿಗೆ ಇಳಿದದ್ದು ಗೊತ್ತಾಗುವುದಿಲ್ಲ. ಜೊತೆಗೆ ನಾವು ಬೋರ್ಡಿನ ಮೇಲೆ ಬಗ್ಗಿದಾಗ ನಮ್ಮ ತಲೆಯ ನೆರಳೇ ಕೆಲಸದ ಮೇಲೆ ಬೀಳುತ್ತಿತ್ತು. ದೀಪದ ಬುಡ ಕತ್ತಲೆ ಎನ್ನುತ್ತೇವಲ್ಲ, ಹಾಗೆ. 1996ರಲ್ಲಿ ನನಗೆ ಮೂವತ್ತೆಂಟು. ನನ್ನ ಬೋರ್ಡುಗಳಲ್ಲಿ ಎರಡು ಬೆಸುಗೆ ಒಂದಕ್ಕೊಂದು ಅಂಟಿದವು ಹೆಚ್ಚಾದವು. ಸೂಪರ್‌ವೈಸರ್ ಕರೆದು, "ನಿಮಗೆ ಕಣ್ಣು ಹೋಗಿದೆಯಮ್ಮ" ಎಂದರು. ನಾನೂ ಹೌದೆಂದೆ. ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ತಿಂಗಳ ಕೊನೆಗೆ ಸಿಗುತ್ತಿದ್ದ ಹೆಚ್ಚುವರಿ ಹಣ ನಿಂತಿತು. ಹದಿನೇಳು ವರ್ಷ ಕೈಯಲ್ಲಿದ್ದ ಕಸುಬು ಒಂದು ಮಧ್ಯಾಹ್ನದಲ್ಲಿ ಹೋಯಿತು.

ನನಗೆ ಆಗ ಚಾಳೀಸು ಹತ್ತಿರ ಬಂದಿತ್ತು ಎಂಬುದು ನಿಜ. ಕನ್ನಡಕ ಹಾಕಿದ ಮೇಲೆ ಪತ್ರಿಕೆ ಓದಲು ಏನೂ ತೊಂದರೆ ಇರಲಿಲ್ಲ ಎಂಬುದೂ ನಿಜ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಒಳಗಿನ ಮಸೂರ ಹಳದಿಗಟ್ಟುತ್ತದೆ. ಅರವತ್ತರ ಕಣ್ಣಿನ ಪರದೆಗೆ ತಲುಪುವುದು ಇಪ್ಪತ್ತರ ಕಣ್ಣಿಗೆ ತಲುಪುವ ಬೆಳಕಿನ ಮೂರನೆಯ ಒಂದು ಪಾಲು ಮಾತ್ರ. ಅಂದರೆ ವಯಸ್ಸಾದವರಿಗೆ ಬೇಕಾದದ್ದು ಹೆಚ್ಚು ಬೆಳಕು. ಇದನ್ನು ಅಂದು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಸಾಲಿನ ದೀಪ ಬದಲಿಸಿ ನೋಡೋಣ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಇದರಲ್ಲಿ ಒಂದು ತಮಾಷೆಯೂ ಉಂಟು. ಆ ಹದಿನೇಳು ವರ್ಷದಲ್ಲಿ ನಾನು ಸಾವಿರಾರು ಎಲ್‌ಇಡಿಗಳನ್ನು ಬೆಸೆದಿದ್ದೆ. ರೇಡಿಯೋ, ಟೇಪ್‌ರೆಕಾರ್ಡರುಗಳ ಮುಂದೆ ಮಿಣುಕುವ ಸಣ್ಣ ಕೆಂಪು ದೀಪ. ಉದ್ದನೆಯ ಕಾಲು ಧನ, ಗಿಡ್ಡ ಕಾಲು ಋಣ. ಕಾಲು ಕತ್ತರಿಸಿದ್ದರೆ ಅಂಚಿನಲ್ಲಿ ಚಪ್ಪಟೆಯಾದ ಬದಿ ಋಣ. ಅದು ಹತ್ತಿದೆ, ಆರಿದೆ ಎಂದು ಹೇಳಬಲ್ಲುದಷ್ಟೇ. ಅದರ ಬೆಳಕಿನಲ್ಲಿ ಸೂಜಿ ಪೋಣಿಸಲು ಸಾಧ್ಯವಿರಲಿಲ್ಲ. ಮುಂದೆ ಅದೇ ದೀಪ ನಮ್ಮ ಮನೆಯ ಕತ್ತಲೆ ಕಳೆಯುತ್ತದೆಂದು ಯಾರು ಎಣಿಸಿದ್ದರು?

ಎಲ್‌ಇಡಿಯ ಕಥೆಯೂ ಕಾದು ಕಾದು ಬಂದ ಕಥೆಯೇ. 1907ರಲ್ಲಿ ಮಾರ್ಕೊನಿ ಕಂಪನಿಯ ಹೆನ್ರಿ ರೌಂಡ್ ಎಂಬಾತ ಕಾರ್ಬೊರಂಡಮ್ ಹರಳಿಗೆ ವಿದ್ಯುತ್ತು ಹಾಯಿಸಿದಾಗ ಅದು ಹಳದಿಯಾಗಿ ಮಿನುಗಿತು. ಅವನು ಒಂದು ಸಣ್ಣ ಟಿಪ್ಪಣಿ ಬರೆದು ಪ್ರಕಟಿಸಿದ. ಮುಂದೆ 1920ರ ದಶಕದಲ್ಲಿ ರಷ್ಯಾದ ಒಲೆಗ್ ಲೋಸೆವ್ ಅದೇ ಬೆಳಕನ್ನು ಕಂಡು, ಬಿಡದೆ ಅಭ್ಯಾಸ ಮಾಡಿದ. 1942ರಲ್ಲಿ, ಲೆನಿನ್‌ಗ್ರಾಡ್ ನಗರ ಶತ್ರುಗಳ ಮುತ್ತಿಗೆಯಲ್ಲಿದ್ದಾಗ, ಅವನು ಹಸಿವಿನಿಂದ ಸತ್ತ. 1962ರಲ್ಲಿ ಅಮೆರಿಕದ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಮಾಡಿದ. ಆಮೇಲೆ ಹಸಿರೂ ಬಂತು. ನೀಲಿ ಮಾತ್ರ ಒಲಿಯಲಿಲ್ಲ. ಬಿಳಿ ಬೆಳಕಿಗೆ ನೀಲಿ ಬೇಕೇ ಬೇಕು. ಜಪಾನಿನ ನಗೋಯಾದಲ್ಲಿ ಇಸಾಮು ಅಕಾಸಾಕಿ ಮತ್ತು ಅವರ ಶಿಷ್ಯ ಹಿರೋಶಿ ಅಮಾನೊ, ಬೇರೆ ಕಡೆ ನಿಚಿಯಾ ಎಂಬ ಕಂಪನಿಯಲ್ಲಿ ಶುಜಿ ನಕಾಮುರಾ, ಬೇರೆಯವರು ಕೈಬಿಟ್ಟ ಗ್ಯಾಲಿಯಂ ನೈಟ್ರೈಡ್ ಎಂಬ ಹರಳಿನ ಬೆನ್ನು ಹತ್ತಿದರು. 1993ರಲ್ಲಿ ಪ್ರಖರವಾದ ನೀಲಿ ಎಲ್‌ಇಡಿ ಹೊರಬಂತು. ಅದರ ಮೇಲೆ ಹಳದಿ ಬೆಳಗುವ ಪುಡಿ ಲೇಪಿಸಿದರೆ ನೀಲಿ, ಹಳದಿ ಕೂಡಿ ಬಿಳಿಯಾಗಿ ಕಾಣುತ್ತದೆ. ಬಿಳಿ ಎಲ್‌ಇಡಿ ಮಾರುಕಟ್ಟೆಗೆ ಬಂದದ್ದು 1996ರಲ್ಲಿ. ನನ್ನನ್ನು ಪ್ಯಾಕಿಂಗಿಗೆ ಹಾಕಿದ ವರ್ಷ! ಆ ಮೂವರಿಗೂ 2014ರಲ್ಲಿ ನೊಬೆಲ್ ಬಹುಮಾನ ಬಂತು. 2015ರಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆಯಿಂದ ಎಲ್‌ಇಡಿ ಬಲ್ಬು ಅಗ್ಗವಾಗಿ ನಮ್ಮ ಓಣಿಗೂ ತಲುಪಿತು.

ಇಷ್ಟು ಹೇಳಿ ಮತ್ತೆ ಆ ರಾತ್ರಿಗೆ ಬರುತ್ತೇನೆ. ಸೊಸೆಯ ಮಾತು ಕೇಳಿ ನಾನಂದೆ, "ಕಣ್ಣಿನ ಮಾತ ಆಮ್ಯಾಲ ನೋಡೂಣು. ಮೊದಲ ದೀಪ ನೋಡೂಣು." ಕೋಣೆಯ ನಡುವೆ ಚಾವಣಿಗೆ ಒಂದೇ ಬಲ್ಬು. ಅವಳ ಮೇಜು ಗೋಡೆಗೆ ಹಚ್ಚಿ ಇತ್ತು. ಬೆಳಕು ಅವಳ ಬೆನ್ನಿಗೆ, ನೆರಳು ಕೆಲಸಕ್ಕೆ. ಮರುದಿನ ಅವಳ ಮೊಬೈಲಿನಲ್ಲಿ ಬೆಳಕು ಅಳೆಯುವ ಒಂದು ವ್ಯವಸ್ಥೆ ಹಾಕಿಕೊಂಡು ನೋಡಿದೆವು. ಬೆಳಕನ್ನು ಅಳೆಯುವುದು ಲಕ್ಸ್ ಎಂಬ ಲೆಕ್ಕದಲ್ಲಿ. ಯೂರೋಪಿನ ಮಾನದಂಡದ ಪ್ರಕಾರ ಕಚೇರಿಯ ಓದುಬರಹಕ್ಕೆ 500 ಲಕ್ಸ್ ಬೇಕು. ಎಲೆಕ್ಟ್ರಾನಿಕ್ಸ್ ಕೆಲಸದ ಪರೀಕ್ಷೆಗೆ 1500. ಅವಳ ಮೇಜಿನ ಮೇಲೆ ನೂರರ ಆಸುಪಾಸು. ಮೊಬೈಲಿನ ಅಳತೆ ಕಟ್ಟುನಿಟ್ಟಲ್ಲ, ಆದರೂ ಅಂತರ ಎಷ್ಟೆಂದು ತಿಳಿಯಿತು. ಅವಳು ಅಳತೆ ನೋಡಿ ಸುಮ್ಮನಾದಳು. ಆಮೇಲೆ, "ಹಂಗಾರ ನನ್ನ ಕಣ್ಣ ಛಲೋ ಅದಾವೇನ್ರಿ?" ಅಂದಳು. ಕಣ್ಣಿನ ಡಾಕ್ಟರಿಗೂ ತೋರಿಸಿದೆವು. ಕಣ್ಣು ಚೆನ್ನಾಗಿಯೇ ಇದ್ದವು.

ದೀಪ ಮಾಡಿದ ಬಗೆ ಹೇಳುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಅಂಗಡಿಯಲ್ಲಿ 12 ವೋಲ್ಟಿನ ಎಲ್‌ಇಡಿ ಪಟ್ಟಿ ಸುರುಳಿಯಾಗಿ ಸಿಗುತ್ತದೆ. ಮೀಟರಿಗೆ 60 ದೀಪ. ಮೂರು ಮೂರು ದೀಪಕ್ಕೊಮ್ಮೆ ಕತ್ತರಿಸುವ ಗುರುತು ಇರುತ್ತದೆ. ಬಿಳಿ ಎಲ್‌ಇಡಿ ಒಂದಕ್ಕೆ ಸುಮಾರು 3 ವೋಲ್ಟು ಬೇಕು. ಮೂರಕ್ಕೆ 9 ಆಯಿತು. ಉಳಿದ 3 ವೋಲ್ಟನ್ನು ಪಟ್ಟಿಯಲ್ಲೇ ಇರುವ ರೆಸಿಸ್ಟರ್ ಹಿಡಿದುಕೊಳ್ಳುತ್ತದೆ. ಅದಿಲ್ಲದಿದ್ದರೆ ಕರೆಂಟು ಅಳತೆಮೀರಿ ಹರಿದು ದೀಪ ಸುಡುತ್ತದೆ. ಅರ್ಧ ಮೀಟರ್ ಪಟ್ಟಿ ಸುಮಾರು 7 ವಾಟು ಎಳೆಯುತ್ತದೆ. ಅದಕ್ಕೆ 1 ಆಂಪಿಯರಿನ ಅಡಾಪ್ಟರ್ ಸಾಕು. ಗೋಡೆಯ 230 ವೋಲ್ಟಿಗೆ ನಾವು ಕೈ ಹಾಕಲೇ ಇಲ್ಲ. ನಮ್ಮ ಕೆಲಸವೆಲ್ಲ 12 ವೋಲ್ಟಿನಲ್ಲಿ.

ದೀಪದ ತಲೆಗೆ ಅಲ್ಯುಮಿನಿಯಂ ಮುಚ್ಚಳ ಆರಿಸಿದ್ದಕ್ಕೆ ಕಾರಣವಿದೆ. ಎಲ್‌ಇಡಿ ತಣ್ಣಗಿರುತ್ತದೆ ಎಂಬುದು ಅರ್ಧ ನಿಜ. ಅದರ ಬೆನ್ನು ಬಿಸಿಯಾಗುತ್ತದೆ, ಆ ಬಿಸಿ ಅಲ್ಲೇ ನಿಂತರೆ ದೀಪ ಬೇಗ ಮಂಕಾಗುತ್ತದೆ. ಅಲ್ಯುಮಿನಿಯಂ ಬಿಸಿಯನ್ನು ಎಳೆದು ಗಾಳಿಗೆ ಬಿಡುತ್ತದೆ. ಮುಚ್ಚಳದ ನಡುವೆ ಅಂಗೈಯಗಲ ತೂತು ಕೊರೆಸಿದೆವು. ಆ ತೂತಿನ ಮೂಲಕ ನೋಡಿ ಕೆಲಸ ಮಾಡಬೇಕು. ಸುತ್ತಲಿಂದ ಬೆಳಕು ಬಿದ್ದರೆ ಒಂದು ಬದಿಯ ನೆರಳನ್ನು ಇನ್ನೊಂದು ಬದಿಯ ಬೆಳಕು ಅಳಿಸುತ್ತದೆ. ಪಟ್ಟಿಯನ್ನು ಬಳೆಯಂತೆ ಅಂಟಿಸಹೋದರೆ ಅದು ಅಡ್ಡಡ್ಡ ಬಾಗುವುದಿಲ್ಲ. ಹತ್ತು ತುಂಡು ಮಾಡಿ, ಹತ್ತು ಮೂಲೆಯ ಬಳೆಯಾಗಿ ಅಂಟಿಸಿ, ನಡುನಡುವೆ ಸಣ್ಣ ತಂತಿಯಿಂದ ಬೆಸೆದೆವು. ಪಟ್ಟಿಯ ಸಾಲಿಗೆ ಬಹಳ ಬೆಸುಗೆ ಬಿದ್ದವು.

ಮೊದಲ ಸಲ ಹಚ್ಚಿದಾಗ ಆರು ತುಂಡು ಹತ್ತಿದವು, ನಾಲ್ಕು ಹತ್ತಲಿಲ್ಲ. ಒಂದು ಕಡೆ ಧನ ಋಣ ಅದಲುಬದಲಾಗಿತ್ತು. ಎಲ್‌ಇಡಿ ಒಂದೇ ದಿಕ್ಕಿಗೆ ಕರೆಂಟು ಬಿಡುವ ವಸ್ತು. ತಪ್ಪು ಮಾಡಿದ್ದು ಸೊಸೆಯಲ್ಲ, ಸಾವಿರಾರು ಎಲ್‌ಇಡಿ ಬೆಸೆದ ಈ ಅತ್ತೆ! ಅದನ್ನು ಸರಿಪಡಿಸಿ ಹಚ್ಚಿದರೆ ಇನ್ನೊಂದು ಫಜೀತಿ. ಹೊಳೆಯುವ ಬೆಸುಗೆಯ ಮೇಲೆ ಮೂವತ್ತೂ ದೀಪಗಳು ಚುಕ್ಕೆ ಚುಕ್ಕೆಯಾಗಿ ಪ್ರತಿಫಲಿಸಿ ಕಣ್ಣು ಕೋರೈಸಿತು. ಐಸ್‌ಕ್ರೀಮ್ ಡಬ್ಬಿಯ ಹಾಲುಬಿಳುಪಿನ ಮುಚ್ಚಳ ಕತ್ತರಿಸಿ ಮುಸುಕು ಹಾಕಿದ ಮೇಲೆ ಬೆಳಕು ಬೆಳಗಿನ ಮೋಡದ ಬೆಳಕಿನಂತೆ ಮೆತ್ತಗಾಯಿತು.

ಅಷ್ಟಾದರೂ ಬಣ್ಣ ಸರಿ ಕಾಣಲಿಲ್ಲ. ರೆಸಿಸ್ಟರುಗಳ ಮೇಲೆ ಬಣ್ಣದ ಪಟ್ಟೆ ಇರುತ್ತವೆ; ಕಂದು ಎಂದರೆ 1, ಕೆಂಪು 2, ಕಿತ್ತಳೆ 3. ಮೂರನೆಯ ಪಟ್ಟೆಯಲ್ಲಿ ಕೆಂಪಿನ ಬದಲು ಕಿತ್ತಳೆ ಎಂದುಕೊಂಡರೆ ಬೆಲೆ ಹತ್ತು ಪಟ್ಟು ತಪ್ಪುತ್ತದೆ. ಅಗ್ಗದ ಬಿಳಿ ಎಲ್‌ಇಡಿಯಲ್ಲಿ ಕೆಂಪಿನ ಪಾಲು ಕಡಿಮೆ. ಹಾಗಾಗಿ ಈ ಮೂರು ಬಣ್ಣಗಳು ಅದರಲ್ಲಿ ಅಕ್ಕತಂಗಿಯರಂತೆ ಕಾಣುತ್ತವೆ. ನನಗೆ ಅವ್ವನ ನೀಲಿ ಹಸಿರು ದಾರದ ಬುಟ್ಟಿ ನೆನಪಾಯಿತು. ಸೊಸೆ ಅಂಗಡಿಗೆ ಹೋಗಿ ಬಣ್ಣ ಸರಿಯಾಗಿ ತೋರಿಸುವ, ಸಿಆರ್‌ಐ 90 ಎಂದು ಬರೆದಿರುವ ಪಟ್ಟಿ ತಂದಳು. ಬೆಲೆ ಸ್ವಲ್ಪ ಹೆಚ್ಚು. ಮತ್ತೆ ಅಷ್ಟೂ ಬೆಸುಗೆ. ಈ ಸಲ ಧನ ಋಣವನ್ನು ಅವಳೇ ನೋಡಿಕೊಂಡಳು, ನನ್ನನ್ನು ನಂಬಲಿಲ್ಲ.

ದೀಪವನ್ನು ಒಂದು ಗೇಣು ಎತ್ತರದಲ್ಲಿ ನಿಲ್ಲಿಸಿ ಅಳೆದೆವು. ಸಾವಿರದೈನೂರು ದಾಟಿತು. ಚಾವಣಿಯ ಬಲ್ಬಿಗಿಂತ ಇದರ ಶಕ್ತಿ ಹೆಚ್ಚೇನಲ್ಲ, ಹತ್ತಿರವಿದೆ ಅಷ್ಟೇ. ಸಣ್ಣ ದೀಪವನ್ನು ಅರ್ಧ ದೂರಕ್ಕೆ ತಂದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಕೂದಲು ಸುಟ್ಟುಕೊಂಡು ಕಂದೀಲನ್ನು ಹತ್ತಿರ ಎಳೆಯುತ್ತಿದ್ದ ಅವ್ವನ ಲೆಕ್ಕ ಸರಿಯಾಗಿಯೇ ಇತ್ತು.

ಆ ಬೆಳಕಿನಲ್ಲಿ ಸೊಸೆ ಮೊದಲು ಮಾಡಿದ್ದು ತಿರುಗಿ ಬಂದ ಬೋರ್ಡುಗಳನ್ನು ನೋಡುವುದು. ಕೆಲವು ಅವಳದೇ ತಪ್ಪು. ಸೋಲ್ಡರ್ ಸಾಲದೆ ಉಳಿದಿತ್ತು. ಆದರೆ ಒಂಬತ್ತು ಬೋರ್ಡುಗಳಲ್ಲಿ ತಾಮ್ರದ ಬಿಲ್ಲೆಗಳೇ ಕಿಲುಬು ಹಿಡಿದು ಕಂದಾಗಿದ್ದವು. ಅಂಥ ಬಿಲ್ಲೆಗೆ ಸೋಲ್ಡರ್ ಹರಡಿ ಹಿಡಿಯುವುದಿಲ್ಲ, ಕೆಸುವಿನೆಲೆಯ ಮೇಲಿನ ನೀರಿನಂತೆ ಉಂಡೆಯಾಗಿ ನಿಲ್ಲುತ್ತದೆ. ಬಂದಾಗಲೇ ಹಾಳಾಗಿದ್ದ ಮಾಲು ಅದು. ಮಂದ ಬೆಳಕಿನಲ್ಲಿ ಹೊಸ ತಾಮ್ರವೂ ಒಂದೇ, ಕಿಲುಬಿನ ತಾಮ್ರವೂ ಒಂದೇ. ಅವಳು ಆ ಒಂಬತ್ತನ್ನೂ, ಇನ್ನೂ ಕೈ ಹಚ್ಚದ ರಾಶಿಯಲ್ಲಿ ಸಿಕ್ಕ ಅಂಥವೇ ಹದಿನೈದು ಬೋರ್ಡುಗಳನ್ನೂ ಚೀಲಕ್ಕೆ ಹಾಕಿಕೊಂಡು ಘಟಕಕ್ಕೆ ಹೋದಳು. ಮೇಜಿನ ಮೇಲೆ ಸಾಲಾಗಿ ಜೋಡಿಸಿ, "ಇವು ಬರೂದ ಹಿಂಗ ಬಂದಾವ್ರಿ, ಕಿಟಕಿ ಕಡೆ ಹಿಡದ ನೋಡ್ರಿ" ಅಂದಳಂತೆ. ಯಜಮಾನರು ನೋಡಿದರು. ಕಡಿದ ದುಡ್ಡಿನಲ್ಲಿ ಆ ಒಂಬತ್ತರದ್ದು ಮರಳಿ ಕೊಟ್ಟರು. ದೀಪದ ಖರ್ಚು ಕೇಳಿದ್ದಕ್ಕೆ ನಕ್ಕರು, ಕೊಡಲಿಲ್ಲ. ಇಂದಿಗೂ ಕೊಟ್ಟಿಲ್ಲ.

ಈಗ ಅವಳು ಬೋರ್ಡು ತಂದ ದಿನವೇ ಎಲ್ಲವನ್ನೂ ದೀಪದ ಕೆಳಗೆ ಹಾಯಿಸಿ, ಕೆಟ್ಟದ್ದನ್ನು ಬೇರೆ ಇಟ್ಟು, ಲೆಕ್ಕ ಬರೆದು ಆಮೇಲೆ ಕೆಲಸ ಶುರುಮಾಡುತ್ತಾಳೆ. ಕಿಟಕಿ ತೆರೆದಿರುತ್ತದೆ, ಯಾಕೆಂದರೆ ರಾಳದ ಹೊಗೆ ಒಳ್ಳೆಯದಲ್ಲ. ಸೀಸ ಬೆರೆತ ಸೋಲ್ಡರ್ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಮಗುವನ್ನು ಮುಟ್ಟುವುದಿಲ್ಲ. ನೂರಕ್ಕೆ ಎರಡೋ ಮೂರೋ ತಿರುಗಿ ಬರುತ್ತವೆ. ಪಕ್ಕದ ಓಣಿಯಲ್ಲಿ ರವಿಕೆಗೆ ಆರಿ ಕೆಲಸ ಮಾಡುವವಳು ಬಂದು ನೋಡಿ, ತನಗೂ ಒಂದು ಬೇಕೆಂದಿದ್ದಾಳೆ. ಮುಚ್ಚಳ ಅವಳೇ ತರಬೇಕು ಎಂದು ಕರಾರು.

ಹೋದ ತಿಂಗಳು ಒಂದು ದಿನ ಪೆಟ್ಟಿಗೆಯಿಂದ ಅವ್ವ ಹಾಕಿದ ಚಂದ್ರಕಾಳಿಯನ್ನು ತೆಗೆದು ಆ ದೀಪದ ಕೆಳಗೆ ಹರವಿದೆ. ಶಸ್ತ್ರಕ್ರಿಯೆಯಾದ ಮೇಲೆ ಅವ್ವ ಅದೇ ಸೀರೆಯನ್ನು ಅಂಗಳದ ಬಿಸಿಲಿಗೆ ಹಿಡಿದು, ಸೆರಗಿನ ಆನೆಯ ಸಾಲಿನಲ್ಲಿ ಎಣಿಕೆ ತಪ್ಪಿದ ಒಂದು ಎಳೆ ಹುಡುಕಿ, "ನೋಡ, ಆಗ ಕಂಡಿದ್ದಿಲ್ಲ" ಎಂದು ಬೇಸರಪಟ್ಟಿದ್ದಳು. ಸೊಸೆಗೆ ಆ ಆನೆಯನ್ನು ತೋರಿಸಿದೆ. ಅವಳು ಬಹಳ ಹೊತ್ತು ಬಗ್ಗಿ ಎಣಿಸಿದಳು.

"ಇಷ್ಟ ದೊಡ್ಡ ಸೆರಗಿನ್ಯಾಗ ಒಂದ ಎಳಿ ತಪ್ಪೇದ್ರಿ ಅತ್ತಿ. ಅದೂ ಕಂದೀಲಿನ್ಯಾಗ. ಅವರ ಕಣ್ಣ ಎಷ್ಟ ಛಲೋ ಇದ್ದೂ ನೋಡ್ರಿ" ಅಂದಳು.

ಈ ಮಾತನ್ನು ಅವ್ವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಅದಕ್ಕೇ ಇಲ್ಲಿ ಬರೆದಿದ್ದೇನೆ. ಸೂಜಿಯೋ, ಸೋಲ್ಡರೋ, ಅಕ್ಕಿಯ ಕಲ್ಲೋ, ಮಗುವಿನ ಓದೋ, ಯಾವ ಕೆಲಸದಲ್ಲೇ ಆಗಲಿ, ನಿಮಗೆ ಇದು ಆಗುವುದಿಲ್ಲ, ಕಣ್ಣು ಹೋಗಿದೆ ಎಂದು ಯಾರಾದರೂ ಅಂದರೆ, ಅಥವಾ ನೀವೇ ಅಂದುಕೊಂಡರೆ, ಕಣ್ಣಿನ ಡಾಕ್ಟರನ್ನು ಅಗತ್ಯವಾಗಿ ಕಾಣಿರಿ. ಆದರೆ ಹೊರಡುವ ಮೊದಲು ಒಮ್ಮೆ ತಲೆ ಎತ್ತಿ, ದೀಪ ಎಲ್ಲಿದೆ ನೋಡಿರಿ.